ಓಟಿ ಹಣವೋ, ಸಿ-ಆಫ್ ರಜೆಯೋ: ಒಂದು ವರ್ಷ ಎರಡನ್ನೂ ನಡೆಸಿ ನೋಡಿದ ಲೆಕ್ಕ

ಕೊಪ್ಪಳದಿಂದ ಗಿಣಿಗೇರಿಯ ಕಡೆಗೆ ಹೋಗುವ ರಸ್ತೆಯ ಆಸುಪಾಸಿನ ಕಾರ್ಖಾನೆಗಳಲ್ಲಿ ಗುತ್ತಿಗೆಯ ಮೇಲೆ ದುಡಿಯುವ ನಮ್ಮಂಥವರ ನಡುವೆ ಪ್ರತಿ ಪಗಾರದ ದಿನವೂ ಏಳುವ ಪ್ರಶ್ನೆ ಒಂದಿದೆ. ವಾರದ ರಜೆಯ ದಿನ ಕರೆಸಿಕೊಂಡು ದುಡಿಸಿದಾಗ ಅದಕ್ಕೆ ಓಟಿ, ಅಂದರೆ ಹೆಚ್ಚುವರಿ ದುಡಿಮೆಯ ಹಣ ಬರೆಸಬೇಕೋ, ಇಲ್ಲವೇ ಸಿ-ಆಫ್, ಅಂದರೆ ಬದಲಿ ರಜೆ ಬರೆಸಿ ಮುಂದೊಂದು ದಿನ ಪಗಾರ ಕಡಿತವಿಲ್ಲದ ರಜೆ ಪಡೆಯಬೇಕೋ ಎಂಬುದು ಆ ಪ್ರಶ್ನೆ. ಮದುವೆಯಾಗದ ಹುಡುಗರು ಹಣವೆನ್ನುತ್ತಾರೆ, ಸಣ್ಣ ಮಕ್ಕಳಿರುವವರು ರಜೆಯೆನ್ನುತ್ತಾರೆ, ಮತ್ತು ಇಬ್ಬರೂ ಲೆಕ್ಕ ಹಾಕಿ ಹೇಳುವುದಿಲ್ಲ. ನಾನು 2024ರ ಮೊದಲ ಆರು ತಿಂಗಳು ಎಲ್ಲ ಹೆಚ್ಚುವರಿ ದುಡಿಮೆಗೂ ಓಟಿ ಬರೆಸಿ, ಮುಂದಿನ ಆರು ತಿಂಗಳು ಸಿ-ಆಫ್ ಬರೆಸಿ, ಎರಡನ್ನೂ ಒಂದೇ ನೋಟುಪುಸ್ತಕದಲ್ಲಿ ದಿನಾಂಕ ಸಹಿತ ಬರೆದಿಟ್ಟಿದ್ದೇನೆ. ಇಲ್ಲಿ ಹೇಳುವುದೆಲ್ಲ ಆ ಪುಸ್ತಕದಿಂದಲೇ ಬಂದದ್ದು.

ನನ್ನ ಪರಿಸ್ಥಿತಿಯನ್ನು ಮೊದಲು ತಿಳಿಸಬೇಕು, ಏಕೆಂದರೆ ಮನೆಯ ಪರಿಸ್ಥಿತಿ ಬದಲಾದರೆ ಉತ್ತರವೂ ಬದಲಾಗುತ್ತದೆ. ನಾನು ಉಕ್ಕಿಗೆ ಬೇಕಾದ ಸ್ಪಾಂಜ್ ಐರನ್ ತಯಾರಿಸುವ ಕಾರ್ಖಾನೆಯೊಂದರ ಕನ್ವೇಯರ್ (ಸರಕು ಸಾಗಿಸುವ ಬೆಲ್ಟ್) ವಿಭಾಗದಲ್ಲಿ ಎಲೆಕ್ಟ್ರಿಷಿಯನ್. ಮನೆ ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿದೆ. ಮನೆಯಲ್ಲಿ ಹೊಲಿಗೆ ಕೆಲಸ ಮಾಡುವ ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಸಕ್ಕರೆ ಕಾಯಿಲೆಯ ಅವ್ವ ಇದ್ದಾರೆ. ಆಗ ನನ್ನ ಕೂಲಿ ಎಂಟು ಗಂಟೆಗೆ 560 ರೂಪಾಯಿ, ಅಂದರೆ ಗಂಟೆಗೆ 70. ವಾರದ ರಜೆ ರವಿವಾರ. ಕಿಲ್ನ್ ಎಂಬುದು ಹಗಲೂ ರಾತ್ರಿ ಉರಿಯುತ್ತಲೇ ಇರಬೇಕಾದ ಒಲೆಯಾದ್ದರಿಂದ ಬೆಲ್ಟ್ ಹರಿದರೆ ಅಥವಾ ಮೋಟಾರು ಸುಟ್ಟರೆ ರವಿವಾರವೆಂದು ಕಾಯುವಂತಿಲ್ಲ. ರಿಲೀವರ್, ಅಂದರೆ ಮುಂದಿನ ಪಾಳಿಯವನು ಬಾರದಿದ್ದರೆ ಪಾಳಿ ಮುಗಿದವನನ್ನೇ ನಿಲ್ಲಿಸಿಕೊಳ್ಳುತ್ತಾರೆ.

ಬರಿಯ ಅಂಕಿಯಲ್ಲಿ ನೋಡಿದರೆ ಸ್ಪರ್ಧೆಯೇ ಇಲ್ಲ. ಓಟಿಗೆ ದುಪ್ಪಟ್ಟು ದರ, ಗಂಟೆಗೆ 140 ರೂಪಾಯಿ. ಹಾಗಾಗಿ ಒಂದು ರವಿವಾರ ದುಡಿದರೆ 1,120 ರೂಪಾಯಿ ಕೈಗೆ ಬರುತ್ತದೆ. ಅದೇ ರವಿವಾರಕ್ಕೆ ಸಿ-ಆಫ್ ಬರೆಸಿದರೆ ಸಿಗುವುದು ಪಗಾರ ಸಹಿತ ಒಂದು ದಿನ, ಅಂದರೆ 560 ರೂಪಾಯಿಯ ಬೆಲೆಯದ್ದು. ನನ್ನ ಗೆಳೆಯರಲ್ಲಿ ಹೆಚ್ಚಿನವರು ಗಮನಿಸದ ಇನ್ನೊಂದು ದಾರಿಯೂ ಇದೆ. ರವಿವಾರ ದುಡಿದು ಓಟಿ ಪಡೆದು, ಬುಧವಾರ ಕೂಲಿಯಿಲ್ಲದ ರಜೆ ಹಾಕಿದರೆ, ಸಿ-ಆಫ್ ತೆಗೆದುಕೊಂಡವನಿಗೆ ಸಿಕ್ಕಷ್ಟೇ ವಿಶ್ರಾಂತಿ ನನಗೂ ಸಿಗುತ್ತದೆ ಮತ್ತು 560 ರೂಪಾಯಿ ಹೆಚ್ಚಿಗೆ ಉಳಿಯುತ್ತದೆ. ಆದರೆ ನಮ್ಮಲ್ಲಿ ತಿಂಗಳು ಪೂರ್ತಿ ಹಾಜರಿದ್ದವರಿಗೆ 500 ರೂಪಾಯಿ ಹಾಜರಿ ಭತ್ಯೆ ಕೊಡುತ್ತಾರೆ. ಕೂಲಿಯಿಲ್ಲದ ರಜೆ ಒಂದೇ ಒಂದು ಬಿದ್ದರೂ ಅದು ಹೋಗುತ್ತದೆ, ಸಿ-ಆಫ್‌ಗೆ ಹೋಗುವುದಿಲ್ಲ. ಆಗ ವ್ಯತ್ಯಾಸ 560ರಿಂದ 60 ರೂಪಾಯಿಗೆ ಇಳಿಯುತ್ತದೆ. ಹಾಜರಿ ಭತ್ಯೆ ಇಲ್ಲದ ಕಡೆ ದುಡಿಯುವವರು ಈ ಮೂರನೆಯ ದಾರಿಯನ್ನು ತಪ್ಪದೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಜನವರಿಯಿಂದ ಜೂನ್‌ವರೆಗೆ ನಾನು ಹದಿಮೂರು ರವಿವಾರ ದುಡಿದೆ. ಅದರ ಮೇಲೆ ಪಾಳಿ ಮುಗಿದ ನಂತರ ನಿಂತ ಬಿಡಿ ಗಂಟೆಗಳು ಇಪ್ಪತ್ತೆಂಟು. ಒಟ್ಟು 132 ಗಂಟೆಗೆ 18,480 ರೂಪಾಯಿ ಬರಬೇಕಾಗಿತ್ತು, ಬಂದದ್ದು 16,100. ಮಸ್ಟರಿನಲ್ಲಿ (ಹಾಜರಿ ಪುಸ್ತಕದಲ್ಲಿ) ಹದಿನೇಳು ಗಂಟೆ ಏರಿರಲಿಲ್ಲ. ನೋಟುಪುಸ್ತಕ ತೋರಿಸಿ, ಎರಡು ಬಾರಿ ಟೈಮ್ ಆಫೀಸಿಗೆ ಅಲೆದ ಮೇಲೆ ಒಂಬತ್ತು ಗಂಟೆಯ ಹಣ ಮುಂದಿನ ಪಗಾರದಲ್ಲಿ ಸೇರಿತು. ಉಳಿದ ಎಂಟು ಗಂಟೆಗೆ ಸಾಕ್ಷಿಯಿಲ್ಲವೆಂದರು. ಆ ರಾತ್ರಿ ನನ್ನ ಜೊತೆ ನಿಂತಿದ್ದ ಹೆಲ್ಪರ್ ಅಷ್ಟರಲ್ಲಿ ಕೆಲಸ ಬಿಟ್ಟು ಊರಿಗೆ ಹೋಗಿದ್ದ. ಓಟಿ ಹಣ ಗಟ್ಟಿ ಎಂದು ನಾವು ಹೇಳುತ್ತೇವೆ, ನಿಜ, ಆದರೆ ಬರೆದಿಟ್ಟುಕೊಂಡವನಿಗೆ ಮಾತ್ರ ಅದು ಗಟ್ಟಿ.

ಆ ಹಣ ಮನೆಗೆ ಮಾಡಿದ ಉಪಕಾರವನ್ನು ನಾನು ಕಡಿಮೆ ಮಾಡಿ ಹೇಳಲಾರೆ. ಜೂನ್ ತಿಂಗಳು ಕೂಲಿಕಾರರ ಮನೆಗೆ ಎಷ್ಟು ಕಠಿಣವೆಂಬುದು ಎಲ್ಲರಿಗೂ ಗೊತ್ತು. ಫೀಸು, ಪಟ್ಟಿಪುಸ್ತಕ, ಸಮವಸ್ತ್ರ ಎಲ್ಲವೂ ಒಂದೇ ವಾರದಲ್ಲಿ ಬರುತ್ತವೆ. ಹಿಂದಿನ ವರ್ಷ ಇದಕ್ಕಾಗಿ ಕೈಗಡ ತಂದು ದೀಪಾವಳಿಯವರೆಗೆ ಬಡ್ಡಿ ಕಟ್ಟಿದ್ದೆವು. 2024ರಲ್ಲಿ ಸಾಲವಿಲ್ಲದೆ ಶಾಲೆ ಶುರುವಾಯಿತು, ಹಾಗಾಗಿ ಉಳಿತಾಯವಾದ ಬಡ್ಡಿಯನ್ನೂ ಓಟಿಯ ಖಾತೆಗೇ ಸೇರಿಸಬೇಕು. ಇನ್ನೊಂದು ಲಾಭವಿತ್ತು: ಇಎಸ್ಐ (ನೌಕರರ ರಾಜ್ಯ ವಿಮೆ) ವಂತಿಗೆಯನ್ನು ಆಗ ಓಟಿ ಹಣದ ಮೇಲೂ ಹಿಡಿಯುತ್ತಿದ್ದುದರಿಂದ, ಕಾಯಿಲೆ ಬಿದ್ದು ರಜೆಯಲ್ಲಿದ್ದಾಗ ಸರಾಸರಿ ದಿನಗೂಲಿಯ ಶೇ. 70ರಂತೆ ಸಿಗುವ ನಗದು ಪರಿಹಾರವೂ ಆ ಮಟ್ಟಿಗೆ ಏರುತ್ತಿತ್ತು. ಭವಿಷ್ಯನಿಧಿಗೂ ಬೋನಸಿಗೂ ಮಾತ್ರ ಓಟಿ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಕಳೆದುಕೊಂಡದ್ದನ್ನೂ ಬರೆಯಬೇಕು. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ. ಮಹಾದಾಸೋಹ ಹಲವು ದಿನ ನಡೆಯುವುದರಿಂದ ಪ್ರಸಾದಕ್ಕೆ ಯಾವಾಗ ಹೋದರೂ ಆದೀತು, ಆದರೆ ತೇರು ಎಳೆಯುವುದು ಒಂದೇ ಸಂಜೆ. ಆ ಸಂಜೆ ರಿಲೀವರ್ ಬರಲಿಲ್ಲ, ನಾನು ಬೆಲ್ಟಿನ ಪ್ಯಾನೆಲ್ ಮುಂದೆ ನಿಂತಿದ್ದೆ. ಮಗಳು ಪಕ್ಕದ ಮನೆಯವರ ಹೆಗಲೇರಿ ತೇರಿಗೆ ಉತ್ತತ್ತಿ ಎಸೆದಳಂತೆ. ಆ ದಿನದ ಐದು ಗಂಟೆಗೆ ನನಗೆ 700 ರೂಪಾಯಿ ಸಂದಿದೆ. ಪುಸ್ತಕದಲ್ಲಿ ಆ ಸಾಲಿನ ಎದುರು ನಾನು ಏನನ್ನೂ ಬರೆಯಲಿಲ್ಲ, ಏಕೆಂದರೆ ಎಷ್ಟು ಬರೆಯಬೇಕೆಂದು ತಿಳಿಯಲಿಲ್ಲ.

ಜುಲೈಯಿಂದ ಸಿ-ಆಫ್ ಬರೆಸತೊಡಗಿದೆ. ಬಿಡಿ ಗಂಟೆಗಳಿಗೆ ನಮ್ಮಲ್ಲಿ ಸಿ-ಆಫ್ ಇಲ್ಲ, ಪೂರ್ತಿ ದಿನಕ್ಕೆ ಮಾತ್ರ. ಮೊದಲ ಎರಡು ತಿಂಗಳಲ್ಲಿ ಇದೇ ಸರಿಯಾದ ದಾರಿ ಎಂದು ನನಗೆ ಖಚಿತವಾಗಿಬಿಟ್ಟಿತ್ತು. ಕಾರಣವೇನೆಂದರೆ ರವಿವಾರದ ರಜೆಗೂ ಬುಧವಾರದ ರಜೆಗೂ ಇರುವ ಅಂತರ. ರವಿವಾರ ಆಸ್ಪತ್ರೆಯ ಹೊರರೋಗಿ ವಿಭಾಗವಿಲ್ಲ, ಬ್ಯಾಂಕಿಲ್ಲ, ನಾಡಕಚೇರಿಯಿಲ್ಲ, ಶಾಲೆಯ ಪಾಲಕರ ಸಭೆಯಿಲ್ಲ. ಒಂದೇ ಬುಧವಾರ ನಾನು ಅವ್ವನನ್ನು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿ, ಮಧ್ಯಾಹ್ನ ಮಗನ ವಿದ್ಯಾರ್ಥಿವೇತನಕ್ಕೆ ಬೇಕಾದ ಜಾತಿ-ಆದಾಯ ಪ್ರಮಾಣಪತ್ರದ ಅರ್ಜಿ ಕೊಟ್ಟು ಬಂದೆ. ಇವೆರಡಕ್ಕೂ ಮೊದಲು ನನ್ನ ಹೆಂಡತಿಯೇ ಹೊಲಿಗೆ ಬಿಟ್ಟು ಹೋಗುತ್ತಿದ್ದಳು. "ನೀವು ಮನ್ಯಾಗಿದ್ದ ದಿನ ನಾಲ್ಕು ಜಂಪರ್ ಮುಗಿಸೀನಿ ನೋಡ್ರಿ, ಅದನ್ನೂ ನಿಮ್ಮ ಬುಕ್ಕಿನ್ಯಾಗ ಬರ್ಕೋರಿ" ಎಂದಳು. ಬರೆದುಕೊಂಡೆ. ಸಿ-ಆಫ್‌ನ ಬೆಲೆಯನ್ನು ಗಂಡನ ಕೂಲಿಯಿಂದ ಮಾತ್ರ ಅಳೆಯುವುದು ತಪ್ಪು ಲೆಕ್ಕವೆಂದು ನನಗೆ ಹೊಳೆದದ್ದು ಆ ದಿನ.

ಸೆಪ್ಟೆಂಬರಿನಿಂದ ಚಿತ್ರ ಬದಲಾಯಿತು. ಗಣೇಶ ಹಬ್ಬಕ್ಕೆ ಕೇಳಿದೆ, ಕೊಡಲಿಲ್ಲ, ಏಕೆಂದರೆ ಎಲ್ಲರೂ ಅದೇ ದಿನ ಕೇಳಿದ್ದರು. ಮಗನಿಗೆ ಜ್ವರ ಏರಿ ಇಳಿಯದಿದ್ದಾಗ ಕೇಳಿದೆ. ಶಟ್‌ಡೌನ್ (ಯಂತ್ರ ನಿಲ್ಲಿಸಿ ಮಾಡುವ ದುರಸ್ತಿ) ಕೆಲಸವಿದೆ, ಮುಂದಿನ ವಾರ ನೋಡೋಣವೆಂದರು. ಮಗನ ಜ್ವರ ಮುಂದಿನ ವಾರದವರೆಗೆ ಕಾಯುವುದಿಲ್ಲವಾದ್ದರಿಂದ ಕೂಲಿಯಿಲ್ಲದ ರಜೆ ಹಾಕಿ, ಖಾತೆಯಲ್ಲಿ ಐದು ಸಿ-ಆಫ್ ಇದ್ದರೂ ಹಾಜರಿ ಭತ್ಯೆ ಕಳೆದುಕೊಂಡೆ. ಇತ್ತ ಕೆಲಸ ಕಡಿಮೆಯಿದ್ದ ದಿನ, ಬೆಳಿಗ್ಗೆ ಆರಕ್ಕೆ ಗೇಟಿನ ಬಳಿ ಬಂದು ನಿಂತ ಮೇಲೆ, "ಇವತ್ತು ನಿಂದು ಸಿ-ಆಫ್ ಹಾಕೀವಿ" ಎಂದು ಸೂಪರ್‌ವೈಸರ್ ವಾಪಸು ಕಳಿಸಿದ್ದೂ ಉಂಟು. ಮಕ್ಕಳು ಶಾಲೆಯಲ್ಲಿ, ಹೆಂಡತಿ ಬಟ್ಟೆ ಕೊಡಲು ಹೊರಗೆ, ನಾನು ಮನೆಯಲ್ಲಿ ಒಬ್ಬನೇ. ಅದನ್ನು ರಜೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ವರ್ಷದ ಕೊನೆಗೆ ಪುಸ್ತಕ ಹೇಳಿದ್ದು ಇಷ್ಟು: ಗಳಿಸಿದ ಸಿ-ಆಫ್ ಹದಿನಾಲ್ಕು. ನಾನು ಆರಿಸಿದ ದಿನ ಸಿಕ್ಕದ್ದು ನಾಲ್ಕು, ಅವರು ಆರಿಸಿದ ದಿನ ಕೊಟ್ಟದ್ದು ಆರು, ಅವಧಿ ಮೀರಿತೆಂದು ಅಳಿಸಿಹಾಕಿದ್ದು ನಾಲ್ಕು. ಆ ಹದಿನಾಲ್ಕು ದಿನಕ್ಕೆ ಓಟಿ ಬರೆಸಿದ್ದರೆ 15,680 ರೂಪಾಯಿ ಆಗುತ್ತಿತ್ತು.

ಈ ಅಳಿಸಿಹಾಕುವ ಪದ್ಧತಿಯ ಬಗ್ಗೆ ಕಾನೂನು ಓದಿಕೊಂಡ ಮೇಲೆ ನನ್ನ ಸಿಟ್ಟು ಹೆಚ್ಚಾಯಿತು. ನಾನು ದುಡಿದ ವರ್ಷಕ್ಕೆ ಅನ್ವಯಿಸುತ್ತಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 52ನೇ ಕಲಂ ಪ್ರಕಾರ, ವಾರದ ರಜೆಯ ದಿನ ದುಡಿಸಬೇಕಾದರೆ ಅದರ ಹಿಂದಿನ ಅಥವಾ ಮುಂದಿನ ಮೂರು ದಿನಗಳೊಳಗೆ ಒಂದು ಪೂರ್ತಿ ದಿನ ಬದಲಿ ರಜೆ ಕೊಡಬೇಕು. ವಿನಾಯಿತಿ ಪಡೆದು ವಾರದ ರಜೆ ತಪ್ಪಿಸಿದ್ದರೆ, 53ನೇ ಕಲಂನಂತೆ ತಪ್ಪಿದ ರಜೆಗಳಷ್ಟೇ ಪರಿಹಾರ ರಜೆಯನ್ನು ಅದೇ ತಿಂಗಳಲ್ಲಿ ಅಥವಾ ಮುಂದಿನ ಎರಡು ತಿಂಗಳೊಳಗೆ ಕೊಡಬೇಕು. ಅವಧಿ ಹಾಕಿರುವುದು ಕೊಡುವವರಿಗೆ, ಪಡೆಯುವವನಿಗಲ್ಲ. ಇನ್ನು 59ನೇ ಕಲಂ, ದಿನಕ್ಕೆ ಒಂಬತ್ತು ಅಥವಾ ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ದುಪ್ಪಟ್ಟು ಕೂಲಿ ಎನ್ನುತ್ತದೆ. ಇವನ್ನು ಜೋಡಿಸಿ ಓದಿದರೆ, ರವಿವಾರ ದುಡಿದು ಅದೇ ವಾರದ ಬುಧವಾರ ರಜೆ ಸಿಕ್ಕರೆ ವಾರದ ಗಂಟೆ 48 ಮೀರುವುದಿಲ್ಲ, ಅಲ್ಲಿ ಓಟಿಯ ಮಾತು ಬಾರದು. ಆದರೆ ರಜೆಯನ್ನು ಮುಂದಿನ ತಿಂಗಳಿಗೆ ತಳ್ಳಿದರೆ ಆ ವಾರ ನಾನು 56 ಗಂಟೆ ದುಡಿದಂತಾಯಿತು, ಆಗ ಎಂಟು ಗಂಟೆಯ ದುಪ್ಪಟ್ಟು ಹಣವೂ ಪರಿಹಾರ ರಜೆಯೂ ಎರಡೂ ಸಲ್ಲಬೇಕು. ನಮ್ಮ ಮುಂದೆ 'ಇದೋ ಅದೋ' ಎಂದು ಇಡುವ ಆಯ್ಕೆ ಬಹಳ ಸಲ ಕಾನೂನಿನಲ್ಲಿ 'ಇದೂ ಅದೂ' ಆಗಿರುತ್ತದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ಓಟಿಗೆ ದುಪ್ಪಟ್ಟು ದರವೇ ಉಳಿದಿದೆ.

ಅಮೆರಿಕದಲ್ಲಿ ಇದೇ ವಿಷಯ ಬಹುಕಾಲದಿಂದ ಚರ್ಚೆಯಲ್ಲಿದೆ. ಅಲ್ಲಿಯ 1938ರ ಕಾನೂನಿನಂತೆ ವಾರಕ್ಕೆ 40 ಗಂಟೆ ಮೀರಿದ ದುಡಿಮೆಗೆ ಒಂದೂವರೆ ಪಟ್ಟು ಕೂಲಿ. ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳ ನೌಕರರಿಗೆ 1985ರ ತಿದ್ದುಪಡಿಯ ನಂತರ ಹಣದ ಬದಲು ರಜೆ ಕೊಡಬಹುದು, ಆದರೆ ಒಂದು ಗಂಟೆ ಓಟಿಗೆ ಒಂದೂವರೆ ಗಂಟೆ ರಜೆ ಕೊಡಬೇಕು, ಮತ್ತು ಬಳಸದೆ ಉಳಿದದ್ದಕ್ಕೆ ಕೆಲಸ ಬಿಡುವಾಗ ಹಣ ಕೊಡಬೇಕು. ನಮ್ಮಲ್ಲಿ ಒಂದಕ್ಕೆ ಒಂದು, ಉಳಿದದ್ದು ಅಳಿಸಿತು. ಹಣದ ಬದಲು ರಜೆ ಕೊಡುವ ಅಲ್ಲಿಯ ಪದ್ಧತಿಯನ್ನು ಖಾಸಗಿ ಕಂಪನಿಗಳಿಗೂ ವಿಸ್ತರಿಸುವ ಮಸೂದೆಯನ್ನು, ದುಡಿಯುವ ಕುಟುಂಬಗಳ ಹೆಸರಿನಲ್ಲಿಯೇ, ಅಲ್ಲಿಯ ಕೆಳಮನೆ 2017ರ ಮೇ ತಿಂಗಳಲ್ಲಿ ಅಂಗೀಕರಿಸಿತಾದರೂ ಅದು ಕಾನೂನಾಗಲಿಲ್ಲ. ನನಗೆ ಹೆಚ್ಚು ಮುಖ್ಯವೆನಿಸಿದ್ದು 2000ದ ಒಂದು ತೀರ್ಪು. ಟೆಕ್ಸಾಸಿನ ಹ್ಯಾರಿಸ್ ಕೌಂಟಿಯ ಪೊಲೀಸ್ ಸಿಬ್ಬಂದಿ, ಕೂಡಿಟ್ಟ ರಜೆಯನ್ನು ಮೇಲಿನವರು ಹೇಳಿದಾಗ ಬಲವಂತವಾಗಿ ತೆಗೆದುಕೊಳ್ಳುವಂತೆ ಮಾಡಬಾರದೆಂದು ಕೋರ್ಟಿಗೆ ಹೋದಾಗ, ಹಾಗೆ ಮಾಡುವುದನ್ನು ಕಾನೂನು ತಡೆಯುವುದಿಲ್ಲವೆಂದು ಅಲ್ಲಿಯ ಸುಪ್ರೀಂ ಕೋರ್ಟ್ ಹೇಳಿತು. ಬೆಳಿಗ್ಗೆ ಆರಕ್ಕೆ ಗೇಟಿನಿಂದ ವಾಪಸು ಬಂದವನಿಗೆ ಆ ಪ್ರಕರಣ ದೂರದ್ದೆನಿಸಲಿಲ್ಲ.

ಹೀಗಾಗಿ ನನ್ನ ತೀರ್ಮಾನ ಹಣಕ್ಕೂ ರಜೆಗೂ ನಡುವಿನದ್ದಲ್ಲ, ದಿನವನ್ನು ಯಾರು ಆರಿಸುತ್ತಾರೆ ಎಂಬುದರ ಮೇಲೆ ನಿಂತಿದೆ. ನಾನೇ ಆರಿಸಿದ ಬುಧವಾರ ನನ್ನ ಮನೆಗೆ 1,120 ರೂಪಾಯಿಗಿಂತ ಹೆಚ್ಚು ಬಾಳಿತು. ಅವರು ಆರಿಸಿದ ದಿನ 560ಕ್ಕೂ ಬಾಳಲಿಲ್ಲ. ಹದಿನಾಲ್ಕರಲ್ಲಿ ನಾಲ್ಕೇ ನನ್ನ ದಿನಗಳಾಗಿದ್ದರಿಂದ, ಒಟ್ಟಾರೆಯಾಗಿ ಓಟಿಯೇ ಮೇಲು ಎನ್ನಬೇಕಾಗುತ್ತದೆ. ಆದರೆ ಓಟಿಗೆ ದುಪ್ಪಟ್ಟಿನ ಬದಲು ಸಿಂಗಲ್ ದರ ಕೊಡುವ ಗುತ್ತಿಗೆದಾರರ ಕೈಕೆಳಗೆ ನಾನೂ ದುಡಿದಿದ್ದೇನೆ. ಅಂಥಲ್ಲಿ ದುಪ್ಪಟ್ಟು ಕೇಳುವುದು ಮೊದಲ ಕೆಲಸ, ಅದು ಸಿಗುವವರೆಗೆ ಸಿ-ಆಫ್ ತೆಗೆದುಕೊಂಡವನಿಗೆ ನಷ್ಟವಿಲ್ಲ. ಹಾಗೆಯೇ ಹಾಲು ಕುಡಿಯುವ ಕೂಸಿರುವ ಮನೆಗೆ, ಇಲ್ಲವೇ ತಿಂಗಳಿಗೆ ಗೊತ್ತಾದ ದಿನ ಆಸ್ಪತ್ರೆಗೆ ಹೋಗಲೇಬೇಕಾದ ರೋಗಿಯಿರುವ ಮನೆಗೆ ನನ್ನ ಲೆಕ್ಕ ಹೊಂದುವುದಿಲ್ಲ. ಅವರು ರಜೆಯನ್ನೇ ಹಿಡಿಯಲಿ, ಆದರೆ ಬಾಯಿಮಾತಿನಲ್ಲಿ ಬೇಡ.

2024ರ ಡಿಸೆಂಬರಿನಿಂದ ನಾನು ರವಿವಾರ ದುಡಿಯಲು ಒಪ್ಪುವ ಮೊದಲೇ, ಬದಲಿ ರಜೆ ಬೇಕಿದ್ದರೆ ಅದರ ದಿನಾಂಕವನ್ನು ಬಿಳಿ ಹಾಳೆಯಲ್ಲಿ ಬರೆದು, ಟೈಮ್ ಆಫೀಸಿನ ಮೊಹರು ಹಾಕಿಸಿ, ಒಂದು ಪ್ರತಿ ಇಟ್ಟುಕೊಳ್ಳುತ್ತೇನೆ. ದಿನಾಂಕ ಬರೆಯಲು ಒಪ್ಪದಿದ್ದರೆ ಓಟಿ ಬರೆಸುತ್ತೇನೆ. ಹೀಗೆ ಬರೆಸಿದ ಮೊದಲ ಹಾಳೆಯ ಮೇಲಿದ್ದದ್ದು 2025ರ ಜನವರಿಯ ತೇರಿನ ದಿನ. ಆ ಸಂಜೆ ಮಗಳು ನನ್ನ ಹೆಗಲ ಮೇಲಿದ್ದಳು.