ಗೋಡೆಗೆ ಕಾಲು, ಮಂಡಿಗೆ ದಿಂಬು: ಕಾಫಿ ಕೊಯ್ಲಿನ ದಣಿವಿಗೆ ಮೂರು ಭಂಗಿಗಳ ಹೋಲಿಕೆ

ರೋಬಸ್ಟಾ ಕೊಯ್ಲು ಆರಂಭವಾಯಿತೆಂದರೆ ಬೆಳಿಗ್ಗೆಯಿಂದ ಸಂಜೆಯ ತೂಕದವರೆಗೆ ನಾನು ಇಳಿಜಾರಿನಲ್ಲೇ ಇರುತ್ತೇನೆ. ಕೊಡಗಿನ ನಾಪೋಕ್ಲು ಕಡೆಯ ನಮ್ಮ ಕಾಫಿ ತೋಟದಲ್ಲಿ ಸಮತಟ್ಟಾದ ಜಾಗವೆಂದರೆ ಕಣವೊಂದೇ. ಏರುವಾಗ ಉಸಿರು ಹತ್ತುತ್ತದೆ ನಿಜ, ಆದರೆ ಮರುದಿನ ನೋಯುವುದು ಇಳಿದ ಕಾಲು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಮೈಭಾರವನ್ನು ತಡೆಯುತ್ತಲೇ ಉದ್ದವಾಗಬೇಕಾಗುತ್ತದೆ. ಸಂಜೆಗೆ ಮೀನಖಂಡ ಭಾರ, ಬೆಳಿಗ್ಗೆ ಏಳುವಾಗ ಸೊಂಟದ ಕೀಲು ಬಿಗಿ. ಕಳೆದ ಕೊಯ್ಲಿನಲ್ಲಿ ಇದಕ್ಕೆಂದು ಮೂರು ಭಂಗಿಗಳನ್ನು ತಲಾ ಎರಡು ವಾರ, ಸ್ನಾನವಾದ ಮೇಲೆ ಊಟಕ್ಕೆ ಮೊದಲು, ಹತ್ತು ನಿಮಿಷದಂತೆ ಮಾಡಿ ನೋಡಿದೆ.

ಮೊದಲನೆಯದು ಗೋಡೆಗೆ ಕಾಲು ಚಾಚಿ ಮಲಗುವ ವಿಪರೀತ ಕರಣಿ. ಹಠಯೋಗ ಪ್ರದೀಪಿಕೆ ಎಂಬ ಹಳೆಯ ಯೋಗಗ್ರಂಥದಲ್ಲಿ ಬರುವ ಇದೇ ಹೆಸರಿನ ಮುದ್ರೆಗೆ ಹೋಲಿಸಿದರೆ ಇದು ಬಹಳ ಸೌಮ್ಯ ರೂಪ. ದಿಂಬು, ಕಂಬಳಿಗಳ ಆಸರೆಯಲ್ಲಿ ಆಸನ ಮಾಡುವ ರೂಢಿ ಇಷ್ಟು ಹರಡಿದ್ದರಲ್ಲಿ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಅವರ ಪಾಲು ದೊಡ್ಡದು. ಗಾರೆ ನೆಲ ಜನವರಿಯಲ್ಲಿ ಕೊರೆಯುವುದರಿಂದ ಚಾಪೆಯ ಮೇಲೆ ಕಂಬಳಿಯನ್ನು ಎರಡು ಮಡಿಕೆ ಹಾಸಿಕೊಳ್ಳುತ್ತಿದ್ದೆ. ಮೊದಲ ಎರಡು ನಿಮಿಷ ಏನೂ ತೋರುವುದಿಲ್ಲ. ಆಮೇಲೆ ಪಾದದಿಂದ ಮಂಡಿಯ ಕಡೆಗೆ ಭಾರ ಮೆಲ್ಲಗೆ ಸರಿಯತೊಡಗುತ್ತದೆ. ಬೂಟಿನೊಳಗಿನ ಸಾಕ್ಸು ಕಾಲಿನ ಸುತ್ತ ಮೂಡಿಸಿದ್ದ ಕೆಂಪು ಬರೆ ಹತ್ತು ನಿಮಿಷದಲ್ಲಿ ಮಸುಕಾಗಿರುತ್ತಿತ್ತು. ದಿನವಿಡೀ ನಿಂತಾಗ ಕೆಳಗಾಲಿನಲ್ಲಿ ನಿಲ್ಲುವ ರಕ್ತವೂ ನೀರಿನಂಶವೂ ಕಾಲೆತ್ತಿದಾಗ ಹೃದಯದತ್ತ ಸುಲಭವಾಗಿ ಮರಳುತ್ತವೆ. ತೊಡೆಯ ಹಿಂಭಾಗ ಬಿಗಿಯಿದ್ದವರು ಗೋಡೆಯಿಂದ ಒಂದು ಗೇಣು ಹಿಂದೆ ಸರಿದು ಮಂಡಿಯನ್ನು ತುಸು ಮಡಚಿದರೆ ಸಾಕು, ನೆಟ್ಟಗಿರಲೇಬೇಕೆಂದಿಲ್ಲ. ಹದಿನೈದು ನಿಮಿಷ ದಾಟಿದರೆ ನನ್ನ ಪಾದ ಜೋಮು ಹಿಡಿಯುತ್ತದೆ. ಕಾಲಿನ ಭಾರಕ್ಕೆ ಇದನ್ನು ಮೀರಿದ್ದು ನನಗೆ ಸಿಗಲಿಲ್ಲ, ಆದರೆ ಬೆಳಗಿನ ಸೊಂಟದ ಬಿಗಿತ ಇದ್ದಂತೆಯೇ ಇತ್ತು.

ಎರಡನೆಯದು ಸುಪ್ತ ಬದ್ಧಕೋನಾಸನ: ಅಂಗಾತ ಮಲಗಿ, ಅಂಗಾಲುಗಳನ್ನು ಜೋಡಿಸಿ, ಮಂಡಿಗಳನ್ನು ಎರಡು ಬದಿಗೆ ಬಿಡುವುದು. ಮನಸ್ಸಿಗೆ ಅತ್ಯಂತ ಹಿತವಾದದ್ದು ಇದೇ. ಆದರೆ ಮಂಡಿಗಳ ಕೆಳಗೆ ದಿಂಬಿಲ್ಲದೆ ಮಾಡಿದ ಮೊದಲ ಮೂರು ದಿನ ಒಳತೊಡೆ ಸಡಿಲವಾಗುವ ಬದಲು ಬಿಗಿಹಿಡಿದೇ ಇತ್ತು. ನೇತಾಡುವ ಕಾಲಿನ ಭಾರವನ್ನು ಸ್ನಾಯು ಬಿಟ್ಟುಕೊಡಲಿಲ್ಲ. ಎರಡೂ ಬದಿಗೆ ದಪ್ಪ ದಿಂಬಿಟ್ಟ ನಂತರವೇ ಅದು ವಿಶ್ರಾಂತಿಯ ಭಂಗಿಯಾಯಿತು.

ಮೂರನೆಯದು ಮಲಗಿ ಮಾಡುವ ಕಪೋತಾಸನ. ಒಂದು ಕಾಲಿನ ಕಣಕಾಲನ್ನು ಇನ್ನೊಂದರ ತೊಡೆಯ ಮೇಲಿಟ್ಟು, ಆ ತೊಡೆಯನ್ನು ಎರಡೂ ಕೈಗಳಿಂದ ಎದೆಯತ್ತ ಎಳೆದುಕೊಳ್ಳಬೇಕು. ಪೃಷ್ಠದ ಆಳದಲ್ಲಿರುವ ಪಿರಿಫಾರ್ಮಿಸ್ ಎಂಬ ಸಣ್ಣ ಸ್ನಾಯುವಿಗೂ ಎಳೆತ ತಲುಪುತ್ತದೆ. ಬಲಗಾಲನ್ನೇ ಮೇಲಿಟ್ಟು ಇಳಿಜಾರಿಗೆ ಅಡ್ಡ ನಡೆಯುವ ಅಭ್ಯಾಸದಿಂದಲೋ ಏನೋ, ನನ್ನ ಬಲಬದಿ ಎಡಕ್ಕಿಂತ ಬಹಳ ಬಿಗಿಯಿದೆಯೆಂದು ತಿಳಿದದ್ದೇ ಇದರಿಂದ. ಎರಡನೆಯ ವಾರದ ಹೊತ್ತಿಗೆ ಬೆಳಿಗ್ಗೆ ಕೈಸಾಲೆಯ ಮೆಟ್ಟಿಲಿಳಿಯುವಾಗ ಕಂಬ ಹಿಡಿಯುವುದು ನಿಂತಿತು. ನೆಲದ ಮೇಲೆ ಕಾಲು ಮಡಚಿ ಮುಂದಕ್ಕೆ ಬಾಗುವ ಕಪೋತಾಸನವನ್ನು ಒಂದೇ ಸಂಜೆ ಮಾಡಿ ಬಿಟ್ಟೆ, ದಣಿದ ಮಂಡಿಗೆ ಆ ತಿರುಚು ಸಲ್ಲದು.

ತೊಡೆಯ ಮುಂಭಾಗದ ನೋವಿನಲ್ಲಿ ಮಾತ್ರ ಮೂರರಲ್ಲಿ ಯಾವುದರಿಂದಲೂ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ರೂಢಿಯಿಲ್ಲದ ಇಳಿತದಿಂದ ಬರುವ ಆ ನೋವು ಎರಡು ಮೂರು ದಿನದಲ್ಲಿ ತಾನಾಗಿ ಇಳಿಯುತ್ತದೆ. ಚಾಚುವುದರಿಂದ ಅದು ಬೇಗ ಹೋಗುತ್ತದೆಂದು ನಂಬಿ ಬಲವಂತವಾಗಿ ಎಳೆಯಬಾರದು. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ, ಹತೋಟಿಗೆ ಬಾರದ ರಕ್ತದೊತ್ತಡ, ಹೃದ್ರೋಗ ಇರುವವರು ವೈದ್ಯರನ್ನು ಕೇಳದೆ ಗೋಡೆಗೆ ಕಾಲೆತ್ತುವುದು ಬೇಡ. ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ ಅದು ದಣಿವೆಂದು ತಿಳಿದು ಸುಮ್ಮನಿರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಈ ಸಲದ ಕೊಯ್ಲಿನಲ್ಲಿ ಮೊದಲಿಗೆ ಮಲಗಿ ಮಾಡುವ ಕಪೋತಾಸನ, ಬದಿಗೆರಡು ನಿಮಿಷ. ನಂತರ ಹತ್ತು ನಿಮಿಷ ಗೋಡೆ ಎಂದು ಇಟ್ಟುಕೊಂಡಿದ್ದೇನೆ. ಮಂಡಿನೋವಿನ ಅವ್ವನಿಗೆ ಗೋಡೆ ಆಗಿಬರಲಿಲ್ಲ. ಅವರು ಚಾಪೆಯ ಮೇಲೆ ಮಲಗಿ ಮೀನಖಂಡಗಳನ್ನು ಊಟದ ಮನೆಯ ಕುರ್ಚಿಯ ಮೇಲಿಟ್ಟುಕೊಳ್ಳುತ್ತಾರೆ, ನನಗಿಂತ ಬೇಗ ಅವರಿಗೆ ನಿದ್ದೆ ಹತ್ತುತ್ತದೆ.