ಫ್ಯೂಚರ್ಸ್ ಶುರು ಮಾಡಲು ದುಡ್ಡೆಷ್ಟು: ದೊಡ್ಡ ಕಾಂಟ್ರಾಕ್ಟಾ, ಮೈಕ್ರೋನಾ?

ಫ್ಯೂಚರ್ಸ್ ಅಂದ್ರೆ ಮುಂದಿನ ದಿನಾಂಕದ ವ್ಯವಹಾರಕ್ಕೆ ಇವತ್ತೇ ಬೆಲೆ ಗೊತ್ತುಮಾಡಿಕೊಳ್ಳುವ ಕಾಂಟ್ರಾಕ್ಟ್. ಕಚ್ಚಾ ತೈಲವನ್ನೇ ನೋಡಿ. ಅಮೆರಿಕದ ಸರಕು ವಿನಿಮಯ ಕೇಂದ್ರ ನೈಮೆಕ್ಸ್‌ನಲ್ಲಿ ದೊಡ್ಡ ಕಾಂಟ್ರಾಕ್ಟ್ ಅಂದ್ರೆ 1,000 ಬ್ಯಾರೆಲ್, ಮೈಕ್ರೋ ಅಂದ್ರೆ 100. ಬ್ಯಾರೆಲ್‌ನ ಬೆಲೆ ಒಂದು ಡಾಲರ್ ಇಳಿದರೆ ಕೊಂಡವರಿಗೆ ದೊಡ್ಡದರಲ್ಲಿ 1,000 ಡಾಲರ್ ಹೋಯಿತು, ಮೈಕ್ರೋದಲ್ಲಿ 100. ಇಷ್ಟು ಏರಿಳಿತ ತೈಲಕ್ಕೆ ಮಾಮೂಲು.

ಮಾರ್ಜಿನ್‌ಗೆ, ಅಂದ್ರೆ ಕಾಂಟ್ರಾಕ್ಟ್ ಹಿಡಿಯಲು ಇಡಬೇಕಾದ ಠೇವಣಿಗೆ, ಸರಿಯಾಗುವಷ್ಟೇ ಖಾತೆಗೆ ಹಾಕಿದರೆ ಮೊದಲ ಇಳಿತಕ್ಕೇ ಮಾರ್ಜಿನ್ ಕಾಲ್ (ಇನ್ನಷ್ಟು ದುಡ್ಡು ತುಂಬಿ ಅನ್ನೋ ಸೂಚನೆ) ಬರಬಹುದು. ದುಡ್ಡು ತುಂಬದಿದ್ದರೆ ಬ್ರೋಕರ್ ತಾನೇ ಪೊಸಿಷನ್ (ನೀವು ಹಿಡಿದಿರುವ ಕಾಂಟ್ರಾಕ್ಟ್) ಮುಚ್ಚುತ್ತಾನೆ. ಹಾಕಿದ್ದಷ್ಟೇ ಹೋಗುತ್ತದೆ ಅಂತಲೂ ಇಲ್ಲ: 2020ರ ಏಪ್ರಿಲ್ 20ರಂದು ನೈಮೆಕ್ಸ್ ತೈಲದ ಮೇ ತಿಂಗಳ ಫ್ಯೂಚರ್ಸ್ ಬ್ಯಾರೆಲ್‌ಗೆ ಮೈನಸ್ 37.63 ಡಾಲರ್‌ಗೆ ಮುಗಿದಿತ್ತು!

ನನ್ನ ಪ್ರಕಾರ ಮಾರ್ಜಿನ್‌ನ ಮೂರು ಪಟ್ಟಾದರೂ ಖಾತೆಯಲ್ಲಿರಬೇಕು. ಮೈಕ್ರೋಗಾದರೆ ಆ ಮೊತ್ತ ದೊಡ್ಡದರ ಸುಮಾರು ಹತ್ತನೇ ಒಂದು ಪಾಲು. ಹಾಗಾಗಿ ಹೊಸಬರಿಗೆ ಮೈಕ್ರೋನೇ ಸರಿ. ವ್ಯವಹಾರದ ಗಾತ್ರಕ್ಕೆ ಹೋಲಿಸಿದರೆ ಕಮಿಷನ್ ಸ್ವಲ್ಪ ಜಾಸ್ತಿ ಬೀಳುತ್ತದೆ, ಕಲಿಯುವಾಗ ಅಷ್ಟು ಪರವಾಗಿಲ್ಲ ಅಲ್ವಾ?