ಹಳೇ ಬೋಟಿನ ಗೇರ್ ಲಿವರ್: ಕೇಬಲ್‌ಗೆ ಐದು ಸ್ಟಾರ್, ರಿಪೇರಿ ಕಿಟ್‌ಗೆ ಮೂರು

ನನ್ನ ಬೋಟಿನ ಔಟ್‌ಬೋರ್ಡ್ (ಬೋಟಿನ ಹಿಂಬದಿಗೆ ಹೊರಗೆ ಕೂರಿಸುವ) ಎಂಜಿನ್‌ಗೆ ಮೂವತ್ತು ವರ್ಷ ದಾಟಿದೆ. ಇವತ್ತಿಗೂ ಕೀ ತಿರುಗಿಸಿದರೆ ಸಾಕು, ಎದ್ದು ಕೂರುತ್ತದೆ. ತೊಂದರೆ ಇದ್ದದ್ದು ಸೀಟಿನ ಪಕ್ಕದ ಕಂಟ್ರೋಲ್ ಬಾಕ್ಸ್‌ನಲ್ಲಿ. ಲಿವರ್ ಬೀಳೋ ಹಲ್ಲಿನ ಹಾಗೆ ಅಲ್ಲಾಡುತ್ತಿತ್ತು, ಗೇರ್‌ಗೆ ತಳ್ಳಲು ಹೋದರೆ ಮಾತ್ರ ಬಿಗಿ. ನ್ಯೂಟ್ರಲ್‌ಗೆ ಬಂತೋ ಇಲ್ಲವೋ ಕೈಗೆ ಗೊತ್ತೇ ಆಗುತ್ತಿರಲಿಲ್ಲ. ಗೇರ್ ಹಾಕಿದಾಗಲೆಲ್ಲ ಹಿಂದಿನಿಂದ ಕರಕರ ಸದ್ದು ಬೇರೆ.

ಒಂದು ದಿನ ಜೆಟ್ಟಿಗೆ ಬರುತ್ತಾ ನ್ಯೂಟ್ರಲ್‌ಗೆ ಎಳೆದೆ. ಲಿವರ್ ಬಂತು, ಗೇರ್ ಬರಲಿಲ್ಲ. ಬೋಟ್ ತನ್ನ ಪಾಡಿಗೆ ಹೋಗಿ ಜೆಟ್ಟಿಯ ಕಂಬಕ್ಕೆ ಗುದ್ದಿತು. ಮೇಲೆ ಹಗ್ಗ ಹಿಡಿದು ನಿಂತಿದ್ದ ತಮ್ಮ, "ಏನಣ್ಣಾ, ಬ್ರೇಕ್ ಹಾಕೋದು ಮರೆತ್ಯಾ?" ಅಂದ. ಬೋಟಿಗೆ ಬ್ರೇಕ್ ಎಲ್ಲಿಂದ ಬರಬೇಕು? ಇರೋದೊಂದು ರಿವರ್ಸ್ ಗೇರ್, ಅದೂ ಕೈಕೊಟ್ಟರೆ ಮುಗೀತು.

ಆ ಸಂಜೆಯೇ ಈ ರಿಪೇರಿ ಕಿಟ್ ತರಿಸಿದೆ. ಒಳಗೆ ಎರಡು ನೈಲಾನ್ ಬುಶ್ (ಲಿವರ್ ತಿರುಗುವ ಕಡೆ ಕೂರುವ ಬಳೆ), ಒಂದು ಚಿಕ್ಕ ರೋಲರ್, ಅದನ್ನು ಒತ್ತಿ ಹಿಡಿಯುವ ಪಟ್ಟಿ ಸ್ಪ್ರಿಂಗ್, ನ್ಯೂಟ್ರಲ್ ಲಾಕ್‌ನ ಸ್ಪ್ರಿಂಗ್, ಒಂದಷ್ಟು ವಾಷರ್. ಸಾಮಾನು ಚೆನ್ನಾಗಿಯೇ ಇದೆ. ಹಳೇ ರೋಲರ್ ತೆಗೆದು ಹೊಸದರ ಪಕ್ಕ ಇಟ್ಟು ನೋಡಿದೆ. ಹೊಸದು ದುಂಡಗೆ ಉರುಳಿತು. ಹಳೆಯದು ಉರುಳಲೇ ಇಲ್ಲ, ಒಂದು ಮಗ್ಗುಲು ಸವೆದು ಚಪ್ಪಟೆಯಾಗಿತ್ತು. ಲಿವರ್ ನ್ಯೂಟ್ರಲ್‌ಗೆ ಬಂದಾಗ ಈ ರೋಲರ್ ಒಂದು ಗುಳಿಯೊಳಗೆ ಕೂರಬೇಕು. ಕೈಗೆ 'ಟಕ್' ಅಂತ ಗೊತ್ತಾಗೋದು ಅದರಿಂದಲೇ. ಬುಶ್‌ಗಳ ತೂತು ಮೊಟ್ಟೆಯಾಕಾರಕ್ಕೆ ಹಿಗ್ಗಿತ್ತು. ಲಿವರ್ ಅಲ್ಲಾಡುತ್ತಿದ್ದದ್ದು ಅದಕ್ಕೇ.

ಹಾಗಾದರೆ ಮೂರೇ ಸ್ಟಾರ್ ಯಾಕೆ? ಜೊತೆಗೆ ಬಂದ ಹಾಳೆಯಿಂದ. ಚಿತ್ರ ಅಂತ ಅಚ್ಚಾಗಿರುವುದು ಕಪ್ಪು ಮಸಿಯ ಮುದ್ದೆ. ಯಾವ ವಾಷರ್ ಮೊದಲು, ಯಾವುದು ಆಮೇಲೆ, ದೇವರಿಗೇ ಗೊತ್ತು. ಬಿಚ್ಚುವಾಗ ಹೆಜ್ಜೆಹೆಜ್ಜೆಗೂ ಫೋಟೋ ತೆಗೆದಿದ್ದರಿಂದ ಬಚಾವಾದೆ. ಇನ್ನೊಂದು ಮಾತು, ಬಾಕ್ಸ್ ಬಿಚ್ಚುವಾಗ ಮೇಲೊಂದು ಬಟ್ಟೆ ಹಾಕಿಕೊಳ್ಳಿ. ನನ್ನ ಲಾಕ್ ಸ್ಪ್ರಿಂಗ್ ಹಾರಿ ಎಲ್ಲಿ ಹೋಯಿತೋ ಇನ್ನೂ ಸಿಕ್ಕಿಲ್ಲ. ಪುಣ್ಯಕ್ಕೆ ಕಿಟ್‌ನಲ್ಲಿ ಹೊಸದಿತ್ತು.

ಎಲ್ಲ ಜೋಡಿಸಿದೆ. 'ಟಕ್' ವಾಪಸ್ ಬಂತು. ಆದರೆ ಲಿವರ್ ಮಾತ್ರ ಮೊದಲಿನಷ್ಟೇ ಬಿಗಿ, ಕರಕರವೂ ಹಾಗೇ ಇತ್ತು.

ಆಗ ಮಾಡಿದ ಕೆಲಸವನ್ನು ನಾನು ಮೊದಲ ದಿನವೇ ಮಾಡಬೇಕಿತ್ತು. ಬಾಕ್ಸ್‌ನಿಂದ ಎಂಜಿನ್‌ಗೆ ಹೋಗುವ ಗೇರ್ ಕೇಬಲ್ಲನ್ನು ಎಂಜಿನ್ ಕಡೆಯಲ್ಲಿ ಕಳಚಿ ಲಿವರ್ ಆಡಿಸಿದೆ. ಇನ್ನೂ ಬಿಗಿ. ಅಂದರೆ ಎಂಜಿನ್‌ದು ತಪ್ಪಿಲ್ಲ. ಆಮೇಲೆ ಬಾಕ್ಸ್ ಕಡೆಯಲ್ಲೂ ಕಳಚಿದೆ. ಲಿವರ್ ಒಂದು ಬೆರಳಿಗೆ ಆಡಿತು. ಕೇಬಲ್ಲೇ ಕಳ್ಳ! ಎರಡು ತುದಿ ಬಿಚ್ಚೋಕೆ ಹತ್ತು ನಿಮಿಷ ಸಾಕಾಯಿತು. ನಾನು ಎರಡು ಭಾನುವಾರ ಕಳೆದಿದ್ದೆ.

ಕೇಬಲ್ ಎಳೆದು ನೋಡಿದರೆ, ಎಂಜಿನ್ ಹತ್ತಿರ ಬಾಗುವ ಕಡೆ ಮೇಲಿನ ಪ್ಲಾಸ್ಟಿಕ್ ಸೀಳಿತ್ತು. ಸೀಳಿನ ಸುತ್ತ ಕಂದು ಬಣ್ಣದ ತುಕ್ಕು. ನೀರು ಒಳಗೆ ಹೋಗಿ ವರ್ಷಗಳೇ ಆಗಿರಬೇಕು. ಎಣ್ಣೆ ಬಿಟ್ಟು ನೋಡಿದೆ, ಸುಳ್ಳು ಹೇಳಲ್ಲ. ಎರಡು ದಿನ ಹಗುರಾಯಿತು, ಮೂರನೇ ದಿನ ಮತ್ತೆ ಅದೇ ಹಾಡು. ಕೇಬಲ್ ಒಳಗೆ ತುಕ್ಕು ಹಿಡಿದ ಮೇಲೆ ಬದಲಾಯಿಸಲೇಬೇಕು.

ಹೊಸದಾಗಿ ತರಿಸಿದ್ದು 33ಸಿ ಅನ್ನುವ ಬಗೆಯದು, ಎರಡೂ ತುದಿಗೆ 10-32 ಅಳತೆಯ ಸ್ಕ್ರೂ ಥ್ರೆಡ್ ಇರುತ್ತದೆ. ಕೆಲವು ಎಂಜಿನ್‌ಗಳಿಗೆ ಅವುಗಳದ್ದೇ ಬೇರೆ ತುದಿ ಬೇಕು, ಹಳೆಯದನ್ನು ಕೈಯಲ್ಲಿ ಹಿಡಿದು ನೋಡಿಕೊಂಡೇ ಆರ್ಡರ್ ಮಾಡಿ. ಹಳೇ ಕೇಬಲ್ ಮೇಲಿನ ಅಳತೆ ಅಳಿಸಿಹೋಗಿದ್ದರಿಂದ ನಾನು ದಾರ ಹಿಡಿದು ಅಳೆದೆ. ಬಾಕ್ಸ್‌ನಿಂದ ಬೋಟಿನ ಪಕ್ಕ ಹಿಡಿದು ಹಿಂದಕ್ಕೆ, ಅಲ್ಲಿಂದ ಎಂಜಿನ್ ನಡುಮಧ್ಯಕ್ಕೆ. ಔಟ್‌ಬೋರ್ಡ್ ಆದರೆ ಅದರ ಮೇಲೆ ಇನ್ನೂ 42 ಇಂಚು ಸೇರಿಸಬೇಕು. ಎಂಜಿನ್ ಪಕ್ಕಕ್ಕೆ ತಿರುಗಿದಾಗ, ಮೇಲಕ್ಕೆ ಎತ್ತಿದಾಗ ಕೇಬಲ್ ಜಗ್ಗಬಾರದು ಅಲ್ವಾ, ಅದಕ್ಕೆ ಬೇಕಾದ ಸುತ್ತು ಅದು. ಬಂದ ಲೆಕ್ಕವನ್ನು ಮುಂದಿನ ಪೂರ್ತಿ ಅಡಿಗೆ ಏರಿಸಿ. ಬಗ್ಗಿಸುವಾಗ ಜಾಸ್ತಿ ಮುರಿಯಬೇಡಿ, ದೊಡ್ಡ ತಿರುವು ಕೊಡಿ. ಆಕ್ಸಿಲರೇಟರ್ ಕೇಬಲ್ಲನ್ನೂ ಜೊತೆಗೇ ಬದಲಾಯಿಸಿದೆ. ಅದರದ್ದೂ ಅದೇ ವಯಸ್ಸು, ಬಾಕ್ಸ್ ಹೇಗೂ ಬಿಚ್ಚಿತ್ತು.

ಹೊಂದಿಸುವ ಕೆಲಸಕ್ಕೆ ತಾಳ್ಮೆ ಬೇಕು. ಬೋಟ್ ದಡದ ಮೇಲಿತ್ತು. ಕೀ ತೆಗೆದು ಜೇಬಿಗೆ ಹಾಕಿಕೊಂಡೆ, ಪ್ಲಗ್ ವೈರ್‌ಗಳನ್ನೂ ಕಳಚಿಟ್ಟೆ. ಬಾಕ್ಸ್ ನ್ಯೂಟ್ರಲ್, ಎಂಜಿನ್ ನ್ಯೂಟ್ರಲ್. ಕೇಬಲ್ ತುದಿಯನ್ನು ಮೆಲ್ಲಗೆ ತಳ್ಳಿ ಒಂದು ಗುರುತು, ಎಳೆದು ಒಂದು ಗುರುತು ಹಾಕಿದೆ. ಅವೆರಡರ ನಡುವಿನದ್ದು ಕೇಬಲ್‌ನ ಪ್ಲೇ, ಅಂದರೆ ಸಡಿಲ. ಕೇಬಲ್ ತುದಿ ಅದರ ಸರಿಮಧ್ಯಕ್ಕೆ ಬರುವಂತೆ ಹಿತ್ತಾಳೆಯ ಬ್ಯಾರೆಲ್ (ಕೇಬಲ್ ಹೊಂದಿಸುವ ತಿರುಗುವ ತುಂಡು) ತಿರುಗಿಸಿ ಕೂರಿಸಬೇಕು. ಆಮೇಲೆ ತಮ್ಮ ಲಿವರ್ ಹಿಡಿದ, ನಾನು ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸಿದೆ. ನ್ಯೂಟ್ರಲ್‌ನಲ್ಲಿ ಎರಡೂ ಕಡೆ ಸಲೀಸಾಗಿ ತಿರುಗಿತು, ಗೇರ್‌ಗೆ ಹಾಕಿದಾಗ ಕಚ್ಚಿಕೊಂಡಿತು. ಪ್ರೊಪೆಲ್ಲರ್ ತಿರುಗಿಸದೆ ಸುಮ್ನೆ ಲಿವರ್ ಮೇಲೆ ಬಲ ಹಾಕಬೇಡಿ. ಒಳಗೆ ಹಲ್ಲಿಗೆ ಹಲ್ಲು ತಾಗಿ ನಿಂತಿದ್ದರೆ ಗೇರ್ ಬೀಳಲ್ಲ, ಹೊಸ ಕೇಬಲ್ ಮೇಲೆ ಒತ್ತಡ ಬೀಳುತ್ತದೆ ಅಷ್ಟೇ. ಕೊನೆಗೆ ಪ್ಲಗ್ ವೈರ್ ಹಾಕುವ ಮೊದಲೇ ಕೀ ತಿರುಗಿಸಿ ನೋಡಿದೆ. ಗೇರ್‌ನಲ್ಲಿದ್ದಾಗ ಸ್ಟಾರ್ಟರ್ ಸುತ್ತಲಿಲ್ಲ, ನ್ಯೂಟ್ರಲ್‌ನಲ್ಲಿ ಸುತ್ತಿತು. ಗೇರ್‌ನಲ್ಲಿದ್ದಾಗ ಸ್ಟಾರ್ಟ್ ಆಗದಂತೆ ತಡೆಯುವ ಸ್ವಿಚ್ ಸರಿಯಾಗಿದೆ.

ನೀರಿಗಿಳಿಸಿದಾಗ ಕರಕರ ಇಲ್ಲವೇ ಇಲ್ಲ. ಆ ಸದ್ದಿಗೆ ಕೇಬಲ್ ಬಿಗಿ ಒಂದೇ ಕಾರಣ ಅಲ್ಲ, ನನ್ನ ಕೈಯೂ ಕಾರಣ. ಮೆಲ್ಲಗೆ ಗೇರ್ ಹಾಕಿದರೆ ಎಂಜಿನ್‌ಗೆ ಒಳ್ಳೆಯದು ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ನಿಜ ಉಲ್ಟಾ. ಕೆಳಗಿನ ಗೇರ್ ಪೆಟ್ಟಿಗೆಯಲ್ಲಿರುವುದು ಡಾಗ್ ಕ್ಲಚ್, ಅದರ ಹಲ್ಲುಗಳು ಒಂದೇ ಸಲಕ್ಕೆ ಕಚ್ಚಿಕೊಳ್ಳಬೇಕು. ನಿಧಾನ ಮಾಡಿದರೆ ಒಂದರ ಮೇಲೊಂದು ಜಾರಿ ಅಂಚು ಸವೆಯುತ್ತದೆ. ಅಂಚು ದುಂಡಗಾದರೆ ಓಡುವಾಗಲೇ ಗೇರ್ ಹಾರುತ್ತದೆ, ಆಮೇಲೆ ಪೆಟ್ಟಿಗೆಯನ್ನೇ ಬಿಚ್ಚಬೇಕು. ಈಗ ಎಂಜಿನ್ ಐಡಲ್‌ಗೆ ಇಳಿದ ಮೇಲೆ ಒಂದೇ ಪಟ್ಟಿಗೆ ಗೇರ್ ಹಾಕುತ್ತೇನೆ.

ಲಿವರ್‌ನಲ್ಲಿ ಇನ್ನೂ ಅರ್ಧ ಬೆರಳಷ್ಟು ಪ್ಲೇ ಉಳಿದಿದೆ. ಅದು ಎಂಜಿನ್ ಕಡೆಯ ಶಿಫ್ಟ್ ಆರ್ಮ್‌ದು, ಪಿನ್ ಕೂರುವ ತೂತು ಸವೆದಿದೆ. ಅದಕ್ಕೆ ಈ ಕಿಟ್‌ನಲ್ಲಿ ಏನೂ ಇಲ್ಲ.